ಅತಿಥಿಗಳಾಗಿ ಹೋಗುವುದು: ಕಥೋಲಿಕ ಯುವಜನರ ಬೇಸಿಗೆ ಸೇವಾಯಾತ್ರೆಯ ಕುರಿತು ಒಂದು ದೈವಶಾಸ್ತ್ರೀಯ ವಿವೇಚನೆ

ಬೇಸಿಗೆಯ ರಜೆಯಲ್ಲಿ ಯುವಜನರನ್ನು ಒಂದು ವಾರವೋ ಒಂದು ತಿಂಗಳೋ ದೂರದ ಹಳ್ಳಿಗೆ ಸೇವೆಗಾಗಿ ಕರೆದೊಯ್ಯುವ ಪದ್ಧತಿ ಕಥೋಲಿಕ ಧರ್ಮಸಭೆಯಲ್ಲಿ, ವಿಶೇಷವಾಗಿ ಉತ್ತರ ಅಮೆರಿಕದಲ್ಲಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಆಳವಾಗಿ ಬೇರೂರಿದೆ. ಯುವಜನರು ಬಡವರ ಮನೆಯ ಮಾಡನ್ನು ದುರಸ್ತಿ ಮಾಡುತ್ತಾರೆ, ಗೋಡೆಗಳಿಗೆ ಬಣ್ಣ ಬಳಿಯುತ್ತಾರೆ, ಮಕ್ಕಳೊಡನೆ ಆಡುತ್ತಾರೆ, ಸಂಜೆ ಒಟ್ಟಾಗಿ ಕುಳಿತು ಪ್ರಾರ್ಥಿಸುತ್ತಾರೆ. ಹಿಂದಿರುಗಿದ ಮೇಲೆ ಅನೇಕರು ತಮ್ಮ ಬದುಕೇ ಬದಲಾಯಿತೆಂದು ಹೇಳಿಕೊಳ್ಳುತ್ತಾರೆ. ಯಾಜಕ ಜೀವನಕ್ಕೆ ಬಂದವರಲ್ಲಿಯೂ ಕೆಲವರು ತಮ್ಮ ದೈವಕರೆಯ ಮೊದಲ ಸ್ವರವನ್ನು ಇಂತಹ ದಿನಗಳಲ್ಲಿಯೇ ಕೇಳಿದ್ದುಂಟು.

ಆದರೆ ಹೋದವರ ಬದುಕು ಬದಲಾಯಿತೆಂಬುದು ಒಂದು ಮಾತು. ಅವರನ್ನು ಬರಮಾಡಿಕೊಂಡ ಹಳ್ಳಿಗೆ ಏನಾಯಿತೆಂಬುದು ಇನ್ನೊಂದು ಮಾತು. ಮೊದಲನೆಯದನ್ನು ಕುರಿತು ನಾವು ಬಹಳವಾಗಿ ಮಾತನಾಡುತ್ತೇವೆ, ಎರಡನೆಯದನ್ನು ಕೇಳುವುದೇ ಅಪರೂಪ. ಬಡವರ ಮನೆಯಂಗಳವು ಉಳ್ಳವರ ಮಕ್ಕಳ ಆಧ್ಯಾತ್ಮಿಕ ಸಾಧನೆಯ ರಂಗಸ್ಥಳವಾಗಬಹುದೇ ಎಂಬ ಪ್ರಶ್ನೆ ಇಲ್ಲಿ ಅಡಗಿದೆ. ಮಾನವವ್ಯಕ್ತಿಯ ಘನತೆಯನ್ನು ಬೋಧಿಸುವ ಧರ್ಮಸಭೆಗೆ ಇದು ಸಣ್ಣ ಪ್ರಶ್ನೆಯಲ್ಲ. ಮೆಕ್ಸಿಕೋ ಮತ್ತು ಅಪಲೇಚಿಯ ಎಂಬ ಎರಡು ನೆಲೆಗಳಲ್ಲಿ ಈ ಪ್ರಶ್ನೆ ಹೇಗೆ ಎದ್ದಿತೆಂಬುದನ್ನು ವಿವರಿಸಿ, ಪವಿತ್ರ ಗ್ರಂಥದ ಮತ್ತು ಧರ್ಮಸಭೆಯ ಸಾಮಾಜಿಕ ಬೋಧನೆಯ ಬೆಳಕಿನಲ್ಲಿ ಅದಕ್ಕೆ ಉತ್ತರ ಅರಸುವುದು ಈ ಲೇಖನದ ಉದ್ದೇಶ.

ಮೆಕ್ಸಿಕೋ: ಸದುದ್ದೇಶಕ್ಕೆ ಎದುರಾದ ಆಕ್ಷೇಪ

1960ರ ದಶಕದ ಆರಂಭದಲ್ಲಿ ಉತ್ತರ ಅಮೆರಿಕದ ಕಥೋಲಿಕರ ದೃಷ್ಟಿ ದಕ್ಷಿಣದ ಕಡೆಗೆ ತಿರುಗಿತು. ಲ್ಯಾಟಿನ್ ಅಮೆರಿಕದಲ್ಲಿ ಯಾಜಕರ ಕೊರತೆ ತೀವ್ರವಾಗಿತ್ತು. ಕ್ಯೂಬಾದ ಕ್ರಾಂತಿಯ ನಂತರ ಆ ಖಂಡದ ಭವಿಷ್ಯದ ಬಗೆಗಿನ ಆತಂಕವೂ ಬೆಳೆದಿತ್ತು. 1960ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳನ್ನು ಅಲ್ಲಿಗೆ ಕಳುಹಿಸುವ ಪೋಪರ ಸ್ವಯಂಸೇವಕರ ಯೋಜನೆ ಆರಂಭವಾಯಿತು. 1961ರ ಆಗಸ್ಟ್ ತಿಂಗಳಲ್ಲಿ, ಮುಂದೆ ಕಾರ್ಡಿನಲರಾದ ಮೊನ್ಸಿಞೋರ್ ಅಗಸ್ತೀನೊ ಕಸರೋಲಿಯವರು ನೋಟರ್ ಡಾಮ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ಧಾರ್ಮಿಕ ಸಭೆಗಳ ಮುಖ್ಯಸ್ಥರ ಮುಂದೆ, ಹತ್ತು ವರ್ಷಗಳೊಳಗೆ ತಮ್ಮ ಸದಸ್ಯರಲ್ಲಿ ಶೇಕಡ 10ರಷ್ಟು ಮಂದಿಯನ್ನು ಲ್ಯಾಟಿನ್ ಅಮೆರಿಕಕ್ಕೆ ಕಳುಹಿಸಬೇಕೆಂಬ ಕರೆಯನ್ನು ಮಂಡಿಸಿದರು. ಇದೇ ಉತ್ಸಾಹದ ಅಲೆಯಲ್ಲಿ ಅಮೆರಿಕ ಮತ್ತು ಕೆನಡಾದ ಕಥೋಲಿಕ ವಿದ್ಯಾರ್ಥಿಗಳು ಅಂತರ-ಅಮೆರಿಕನ್ ವಿದ್ಯಾರ್ಥಿ ಯೋಜನೆಗಳ ಸಮ್ಮೇಳನ ಎಂಬ ಸಂಘಟನೆಯ ಮೂಲಕ ಬೇಸಿಗೆಯ ರಜೆಯನ್ನು ಮೆಕ್ಸಿಕೋದ ಹಳ್ಳಿಗಳಲ್ಲಿ ಕಳೆಯಲಾರಂಭಿಸಿದರು.

ಇದೇ ಕಾಲದಲ್ಲಿ ಮೆಕ್ಸಿಕೋದ ಕ್ವೆರ್ನವಾಕಾ ನಗರದಲ್ಲಿ ಯಾಜಕ ಈವಾನ್ ಇಲ್ಲಿಚ್ ಅವರು ಉತ್ತರದಿಂದ ಬರುವ ಪ್ರೇಷಿತ ಕಾರ್ಯಕರ್ತರಿಗೆ ಸ್ಪ್ಯಾನಿಷ್ ಭಾಷೆಯನ್ನೂ ಅಲ್ಲಿನ ಸಂಸ್ಕೃತಿಯನ್ನೂ ಕಲಿಸುವ ಕೇಂದ್ರವೊಂದನ್ನು ನಡೆಸುತ್ತಿದ್ದರು. 1926ರಲ್ಲಿ ವಿಯೆನ್ನಾದಲ್ಲಿ ಜನಿಸಿ, ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮೂಲದ ವಲಸಿಗರ ನಡುವೆ ಯಾಜಕ ಸೇವೆ ಸಲ್ಲಿಸಿದ್ದ ಅವರಿಗೆ ಎರಡು ಸಂಸ್ಕೃತಿಗಳ ನಡುವಿನ ಕಂದಕದ ಆಳ ತಿಳಿದಿತ್ತು. ಕಲಿಸುತ್ತ ಹೋದಂತೆ, ಬರುವವರ ಒಳ್ಳೆಯತನವೇ ಅವರಿಗೆ ಸಮಸ್ಯೆಯಾಗಿ ಕಾಣತೊಡಗಿತು. 1967ರ ಜನವರಿಯಲ್ಲಿ ಯೇಸುಸಭೆಯವರ 'ಅಮೆರಿಕ' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನವು, ಹೊರಗಿನಿಂದ ಹರಿದು ಬರುವ ಹಣ ಮತ್ತು ಸಿಬ್ಬಂದಿಯು ಲ್ಯಾಟಿನ್ ಅಮೆರಿಕದ ಧರ್ಮಸಭೆಯನ್ನು ಪರಾವಲಂಬಿಯನ್ನಾಗಿ ಮಾಡುತ್ತದೆಂದು ವಾದಿಸಿ ದೊಡ್ಡ ವಿವಾದವನ್ನೆಬ್ಬಿಸಿತು. 1968ರ ಏಪ್ರಿಲ್ 20ರಂದು ಅವರು ಮೇಲೆ ಹೇಳಿದ ವಿದ್ಯಾರ್ಥಿ ಸಮ್ಮೇಳನವನ್ನೇ ಉದ್ದೇಶಿಸಿ ಮಾತನಾಡಿದರು. ಸೇವೆಗೆ ಹೊರಟವರ ಮುಂದೆಯೇ ನಿಂತು, ಸಹಾಯ ಮಾಡಲು ಬರಬೇಡಿರೆಂದು ಹೇಳಿದ ಆ ಭಾಷಣವು ಇಂದಿಗೂ ಸೇವಾಯಾತ್ರೆಗಳ ಸಿದ್ಧತೆಯಲ್ಲಿ ಓದಲ್ಪಡುತ್ತಿದೆ.

ಅವರ ವಾದದಲ್ಲಿ ಮೂರು ಎಳೆಗಳನ್ನು ಗುರುತಿಸಬಹುದು. ಮೊದಲನೆಯದು ಭಾಷೆಯ ಎಳೆ. ಹಳ್ಳಿಯವರ ಮಾತು ತಿಳಿಯದ ವಿದ್ಯಾರ್ಥಿಗೆ ತಾನು ಮಾಡಿದ್ದು ಉಪಕಾರವೋ ಅಪಕಾರವೋ ಎಂಬುದನ್ನು ಅರಿಯುವ ದಾರಿಯೇ ಇಲ್ಲ. ಅವನು ಮಾತನಾಡಬಲ್ಲದ್ದು ತನ್ನಂತೆಯೇ ಇರುವ ಕೆಲವು ಅನುಕೂಲಸ್ಥರೊಡನೆ ಮಾತ್ರ. ಎರಡನೆಯದು ಅಧಿಕಾರದ ಎಳೆ. ತಾನು ಬರಿಗೈಯಲ್ಲಿ ಬಂದಿದ್ದೇನೆಂದು ವಿದ್ಯಾರ್ಥಿ ಭಾವಿಸಿದರೂ, ಅವನ ಬಟ್ಟೆ, ಬಣ್ಣ, ಪಾಸ್‌ಪೋರ್ಟುಗಳು ಒಂದು ಶ್ರೀಮಂತ ರಾಷ್ಟ್ರದ ಜೀವನಕ್ರಮವನ್ನೇ ಹೊತ್ತು ತಂದಿರುತ್ತವೆ. ಅವನಿಗರಿವಿಲ್ಲದೆಯೇ ಅವನು ಅದರ ಪ್ರಚಾರಕನಾಗುತ್ತಾನೆ. ಮೂರನೆಯದು ಉತ್ತರದಾಯಿತ್ವದ ಎಳೆ. ತನ್ನದೇ ಊರಿನ ಬಡವರ ನಡುವೆ ದುಡಿದರೆ, ಬೇಡವೆನಿಸಿದಾಗ ಆ ಬಡವರು ಹೊರಟುಹೋಗು ಎಂದು ನೇರವಾಗಿ ಹೇಳಬಲ್ಲರು. ಪರದೇಶದ ಹಳ್ಳಿಯಲ್ಲಿ ಅಂತಹ ನಿರಾಕರಣೆಗೆ ಅವಕಾಶವಿಲ್ಲ. ಅಲ್ಲಿನವರು ಸೌಜನ್ಯದಿಂದ ನಗುತ್ತಾರೆ, ಬಂದವರು ಆ ನಗೆಯನ್ನೇ ಕೃತಜ್ಞತೆಯೆಂದು ತಿಳಿಯುತ್ತಾರೆ. ಆದಕಾರಣ ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯಕರ ವೇಷದಲ್ಲಿ ಮಾತ್ರ ಬರಬೇಡಿ ಎಂಬುದು ಅವರ ಮಾತಿನ ಸಾರ.

ಈ ವಾದವನ್ನು ಕೇವಲ ಕಹಿ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಮುಂದಿನ ಅನುಭವವು ಅದರಲ್ಲಿನ ಸತ್ಯಾಂಶವನ್ನು ದೃಢಪಡಿಸಿದೆ. 1998ರಲ್ಲಿ ಮಿಚ್ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸನ್ನು ಧ್ವಂಸಗೊಳಿಸಿದ ಮೇಲೆ, ಉತ್ತರ ಅಮೆರಿಕದ ಕ್ರೈಸ್ತರ ತಂಡಗಳು ಅಲ್ಪಾವಧಿಗೆ ಅಲ್ಲಿಗೆ ಹೋಗಿ ಮನೆಗಳನ್ನು ಕಟ್ಟಿಕೊಟ್ಟವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅವರು ಇಂತಹ ಮನೆಗಳ ನಿವಾಸಿಗಳನ್ನೂ, ಸ್ಥಳೀಯ ಸಂಸ್ಥೆಗಳ ಮೂಲಕ ಮನೆ ಪಡೆದವರನ್ನೂ ಹೋಲಿಸಿ ನೋಡಿ 2006ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಇಬ್ಬರ ಬದುಕಿನ ಮೇಲಾದ ಪರಿಣಾಮದಲ್ಲಿ ಗಮನಾರ್ಹ ಭೇದ ಅವರಿಗೆ ಕಾಣಲಿಲ್ಲ. ಹೋಗಿ ಬಂದವರಲ್ಲಿಯೂ ದೀರ್ಘಕಾಲ ಉಳಿಯುವ ಬದಲಾವಣೆ ಅವರೇ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆಯಾಗಿತ್ತು. ಪ್ರಯಾಣಕ್ಕೆ ವೆಚ್ಚವಾಗುವ ಹಣದಿಂದ ಊರಿನ ಕೆಲಸಗಾರರಿಗೇ ಕೂಲಿ ಕೊಟ್ಟು ಇನ್ನೂ ಹಲವು ಮನೆಗಳನ್ನು ಕಟ್ಟಿಸಬಹುದಿತ್ತೆಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಹೇಳುವುದು ಕಷ್ಟ.

ಅಪಲೇಚಿಯ: ಸೋರುವ ಮಾಡು, ಕೈತಪ್ಪಿದ ನೆಲ

ಪರದೇಶಕ್ಕೆ ಹೋಗದೆ ತಮ್ಮ ದೇಶದಲ್ಲಿಯೇ ದುಡಿದರೆ ಸಮಸ್ಯೆ ಬಗೆಹರಿಯುವುದೇ? ಅಮೆರಿಕದ ಪೂರ್ವ ಭಾಗದ ಅಪಲೇಚಿಯ ಪರ್ವತ ಪ್ರದೇಶದ ಇತಿಹಾಸವು ಈ ಪ್ರಶ್ನೆಗೆ ಬೆಳಕು ನೀಡುತ್ತದೆ. ಕಥೋಲಿಕರು ಅತ್ಯಲ್ಪ ಸಂಖ್ಯೆಯಲ್ಲಿರುವ ಈ ಗ್ರಾಮೀಣ ಪ್ರದೇಶವನ್ನೂ ಇಂತಹ ಇತರ ಪ್ರದೇಶಗಳನ್ನೂ ಗಮನದಲ್ಲಿಟ್ಟು ಗುರು ವಿಲಿಯಂ ಹೋವರ್ಡ್ ಬಿಷಪ್ ಅವರು 1939ರಲ್ಲಿ ಗ್ಲೆನ್‌ಮೇರಿ ಪ್ರೇಷಿತ ಸಭೆಯನ್ನು ಸ್ಥಾಪಿಸಿದರು. ಕೆಂಟಕಿ ರಾಜ್ಯದಲ್ಲಿ ಗುರು ರಾಲ್ಫ್ ಬೈಟಿಂಗ್ ಅವರು ಆರಂಭಿಸಿದ ಸೇವಾಕಾರ್ಯವು 1964ರಲ್ಲಿ ಕ್ರಿಶ್ಚಿಯನ್ ಅಪಲೇಚಿಯನ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ರೂಪ ತಾಳಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಡತನದ ವಿರುದ್ಧ ಸಮರ ಸಾರಿದ್ದು ಅದೇ ವರ್ಷ. ಅಂದಿನಿಂದ ಇಂದಿನವರೆಗೆ ನಗರಗಳ ಯುವಜನರು ತಂಡತಂಡವಾಗಿ ಈ ಬೆಟ್ಟಗಳಿಗೆ ಹೋಗಿ ವೃದ್ಧರ ಮತ್ತು ಬಡವರ ಮನೆಗಳನ್ನು ದುರಸ್ತಿ ಮಾಡುತ್ತ ಬಂದಿದ್ದಾರೆ.

ಈ ಸೇವೆ ನಿಜವಾದ ಸೇವೆಯೇ ಸರಿ. ಚಳಿಗಾಲ ಬರುವ ಮೊದಲು ಮಾಡು ಸರಿಯಾದ ಮುದುಕಿಗೆ, ಆ ಮಾಡು ಒಂದು ಸಾಮಾಜಿಕ ಸಿದ್ಧಾಂತವಲ್ಲ, ಅವಳ ಆರೋಗ್ಯ. ಆದರೆ ಆ ಮಾಡು ಸೋರುತ್ತಿದ್ದುದೇಕೆ ಎಂಬ ಪ್ರಶ್ನೆಯನ್ನು ಒಂದು ವಾರ ಇದ್ದು ಹೋಗುವ ಯುವಕನು ಕೇಳದೆ ಹೋಗಬಹುದು. ಉತ್ತರ ನೆಲದಡಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳ ಏಜೆಂಟರು ಬೆಟ್ಟದ ರೈತರಿಂದ ಅತ್ಯಲ್ಪ ಬೆಲೆಗೆ ಭೂಗರ್ಭದ ಖನಿಜದ ಹಕ್ಕನ್ನು ಬರೆಸಿಕೊಂಡರು. ಮೇಲಿನ ನೆಲ ರೈತನದು, ಕೆಳಗಿನ ಕಲ್ಲಿದ್ದಲು ಕಂಪನಿಯದು. ಮುಂದೆ ಯಂತ್ರಗಳಿಂದ ನೆಲವನ್ನೇ ಸೀಳಿ ಕಲ್ಲಿದ್ದಲು ತೆಗೆಯುವ ವಿಧಾನ ಬಂದಾಗ, ಅದೇ ಹಳೆಯ ಪತ್ರಗಳ ಬಲದಿಂದ ರೈತನ ಹೊಲ ತೋಟಗಳನ್ನು ಅವನ ಒಪ್ಪಿಗೆಯಿಲ್ಲದೆ ಅಗೆಯಲಾಯಿತು. ಇಂತಹ ಪತ್ರಗಳಿಗೆ ಕಡಿವಾಣ ಹಾಕುವ ಸಂವಿಧಾನ ತಿದ್ದುಪಡಿಗೆ ಕೆಂಟಕಿಯ ಮತದಾರರು ಸಮ್ಮತಿಯಿತ್ತದ್ದು 1988ರಲ್ಲಿ. ಅಷ್ಟರಲ್ಲಿ ಹಲವು ತಲೆಮಾರುಗಳು ಕಳೆದುಹೋಗಿದ್ದವು.

ಆರು ರಾಜ್ಯಗಳ 80 ಕೌಂಟಿಗಳಲ್ಲಿ ಸ್ಥಳೀಯ ಜನರೂ ವಿದ್ವಾಂಸರೂ ಕೂಡಿ ನಡೆಸಿ 1981ರಲ್ಲಿ ಹೊರತಂದ ಭೂಒಡೆತನದ ಅಧ್ಯಯನವು ಇನ್ನೊಂದು ಸಂಗತಿಯನ್ನು ಬಯಲಿಗೆಳೆಯಿತು. ನೆಲದ ಮತ್ತು ಖನಿಜದ ಬಹುದೊಡ್ಡ ಪಾಲು ಆ ಪ್ರದೇಶದಲ್ಲಿ ವಾಸಿಸದ ಒಡೆಯರ ಮತ್ತು ಕಂಪನಿಗಳ ಕೈಯಲ್ಲಿತ್ತು. ಅವರು ತೆರುತ್ತಿದ್ದ ಆಸ್ತಿ ತೆರಿಗೆ ಬಹಳ ಅಲ್ಪವಾಗಿತ್ತು. ತೆರಿಗೆಯಿಲ್ಲದಿದ್ದರೆ ಶಾಲೆಗೆ, ರಸ್ತೆಗೆ, ಆಸ್ಪತ್ರೆಗೆ ಹಣವಿಲ್ಲ. ಶಾಲೆಯೂ ಕೆಲಸವೂ ಇಲ್ಲದ ಊರನ್ನು ಯುವಜನರು ತೊರೆಯುತ್ತಾರೆ. ಉಳಿದ ವೃದ್ಧರ ಮನೆಗಳನ್ನು ನೋಡಿಕೊಳ್ಳುವವರಿಲ್ಲ, ಮಾಡು ಸೋರುತ್ತದೆ. ಆಗ ಬೇಸಿಗೆಯಲ್ಲಿ ದೂರದ ನಗರದಿಂದ, ಅದೇ ಬೆಟ್ಟದ ಕಲ್ಲಿದ್ದಲಿನ ವಿದ್ಯುತ್ತಿನಿಂದ ಬೆಳಗಿದ ಮನೆಗಳಿಂದಲೂ ಬಂದಿರಬಹುದಾದ ಯುವಕರು, ಆ ಮಾಡನ್ನು ಹೊದಿಸುತ್ತಾರೆ. ಸರಪಳಿಯ ಕೊನೆಯ ಕೊಂಡಿಯೊಂದನ್ನೇ ಕಂಡವನಿಗೆ ಬಡತನವು ದುರದೃಷ್ಟವಾಗಿ ಕಾಣುತ್ತದೆ. ಇಡೀ ಸರಪಳಿಯನ್ನು ಕಂಡವನಿಗೆ ಅದು ಅನ್ಯಾಯವಾಗಿ ಕಾಣುತ್ತದೆ.

ಆ ಪ್ರದೇಶದ ಧರ್ಮಾಧ್ಯಕ್ಷರುಗಳು 1975ರಲ್ಲಿ ಹೊರಡಿಸಿದ ಜಂಟಿ ಪಾಲನಾ ಪತ್ರದ ಮಹತ್ವ ಇರುವುದು ಇಲ್ಲಿಯೇ. ಈ ನೆಲವೇ ನಮ್ಮ ಮನೆ ಎಂಬ ಅರ್ಥದ ಶೀರ್ಷಿಕೆಯುಳ್ಳ ಆ ಪತ್ರವು ಪದ್ಯದಂತಹ ಸಾಲುಗಳಲ್ಲಿ ಬರೆಯಲ್ಪಟ್ಟದ್ದು. ಅದು ಬಡತನದ ವರ್ಣನೆಗೆ ನಿಲ್ಲದೆ, ಜನರ ಅಶಕ್ತತೆಯ ಕಾರಣಗಳನ್ನು ಹೆಸರಿಸಿತು. ಜನರ ದನಿಗೆ ಕಿವಿಗೊಟ್ಟು ಸಿದ್ಧವಾದ ಪತ್ರವೆಂಬುದೂ ಅದರ ವೈಶಿಷ್ಟ್ಯ. ಬೆಟ್ಟದ ಜನರು ಕರುಣೆಯ ಪಾತ್ರರಾಗಿ ಅಲ್ಲಿ ಬರುವುದಿಲ್ಲ. ತಮ್ಮ ಬದುಕಿನ ಕುರಿತು ಮಾತನಾಡಬಲ್ಲ ಸಾಕ್ಷಿಗಳಾಗಿ ಬರುತ್ತಾರೆ.

ಪವಿತ್ರ ಗ್ರಂಥದ ಸಾಕ್ಷ್ಯ: ಕಳುಹಿಸಲ್ಪಟ್ಟವರು ಅತಿಥಿಗಳು

ಹಾಗಾದರೆ ಹೋಗಲೇಬಾರದೇ? ಇಲ್ಲಿಚ್ ಅವರ ವಾದವನ್ನು ಕೊನೆಯವರೆಗೂ ಎಳೆದರೆ, ಅಪರಿಚಿತನು ಅಪರಿಚಿತನಿಗೆ ಮಾಡುವ ಯಾವ ಉಪಕಾರವೂ ಉಳಿಯದು. ಶುಭಸಂದೇಶದ ಸಮಾರ್ಯದವನು ಅಪರಿಚಿತನೇ ಆಗಿದ್ದನು. ಶುಭಸಂದೇಶವು ಹೋಗುವುದನ್ನು ನಿಷೇಧಿಸುವುದಿಲ್ಲ. ಹೋಗುವ ಬಗೆಯನ್ನು ಕಲಿಸುತ್ತದೆ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಎಪ್ಪತ್ತೆರಡು ಮಂದಿಯನ್ನು ಕಳುಹಿಸುವಾಗ ವಿಧಿಸುವ ನಿಯಮಗಳು ಗಮನಾರ್ಹ. ಹಣದ ಚೀಲ, ಜೋಳಿಗೆ, ಪಾದರಕ್ಷೆ ಯಾವುದನ್ನೂ ಒಯ್ಯಬಾರದು. ಸ್ವಾಗತಿಸಿದ ಮನೆಯಲ್ಲಿಯೇ ಉಳಿಯಬೇಕು, ಮನೆಯಿಂದ ಮನೆಗೆ ಬದಲಾಯಿಸಬಾರದು. ಬಡಿಸಿದ್ದನ್ನು ಉಣ್ಣಬೇಕು. ರೋಗಿಗಳನ್ನು ಗುಣಪಡಿಸುವ ಮಾತು ಬರುವುದು ಇದರ ನಂತರ. ಎಂದರೆ, ಕೊಡುವವರಾಗುವ ಮುಂಚೆ ಅವರು ಪಡೆಯುವವರಾಗಬೇಕು. ಊಟಕ್ಕೆ ಹಂಗಿಗರಾದವರು ಯಜಮಾನಿಕೆ ತೋರಲಾರರು. ಅವರು ಬೇಡವೆನಿಸಿದರೆ ಊರಿನವರು ಬಾಗಿಲು ಮುಚ್ಚಬಹುದೆಂಬ ಸಾಧ್ಯತೆಯನ್ನೂ ಪ್ರಭುವೇ ಒಪ್ಪಿಕೊಂಡಿದ್ದಾರೆ. ಇಲ್ಲಿಚ್ ಅವರು ಕೇಳಿದ ನಿರಾಕರಣೆಯ ಹಕ್ಕು ಹೀಗೆ ಪ್ರೇಷಿತ ಕಾರ್ಯದ ಮೂಲ ನಿಯಮದಲ್ಲಿಯೇ ಇದೆ.

ಪ್ರಭುವಿನ ನಡವಳಿಕೆಯೂ ಇದನ್ನೇ ತೋರುತ್ತದೆ. ಸಮಾರ್ಯದ ಸ್ತ್ರೀಯೊಡನೆ ಅವರ ಸಂಭಾಷಣೆ ಆರಂಭವಾಗುವುದು ನೀರನ್ನು ಬೇಡುವುದರಿಂದ. ಕುರುಡ ಬಾರ್ತಿಮಾಯನ ಅಗತ್ಯವು ಎಲ್ಲರ ಕಣ್ಣಿಗೂ ಕಾಣುತ್ತಿದ್ದರೂ, ತಾನು ಅವನಿಗೆ ಏನು ಮಾಡಬೇಕೆಂದು ಯೇಸು ಅವನನ್ನೇ ಕೇಳುತ್ತಾರೆ. ಭಿಕ್ಷುಕನಾಗಿದ್ದವನು ಆ ಪ್ರಶ್ನೆಯಿಂದಲೇ ತನ್ನ ಇಚ್ಛೆಯನ್ನು ತಾನೇ ನುಡಿಯುವ ವ್ಯಕ್ತಿಯಾಗುತ್ತಾನೆ. ಕಡೆಯ ಭೋಜನದಲ್ಲಿ ಪೇತ್ರನು ತನ್ನ ಪಾದಗಳನ್ನು ತೊಳೆಸಿಕೊಳ್ಳಲು ಒಪ್ಪದೆ ಹೋದಾಗ, ಹಾಗಾದರೆ ನನ್ನೊಡನೆ ನಿನಗೆ ಪಾಲಿಲ್ಲವೆಂಬ ಎಚ್ಚರಿಕೆ ಬರುತ್ತದೆ. ಸೇವೆ ಪಡೆಯಲು ಒಲ್ಲದವನು ಸೇವೆಯನ್ನು ಇನ್ನೂ ಅರಿತಿಲ್ಲ.

ಸಮಾರ್ಯದವನ ಸಾಮತಿಯಲ್ಲಿಯೂ ನಾವು ಸಾಮಾನ್ಯವಾಗಿ ಕಡೆಗಣಿಸುವ ಒಂದು ಅಂಶವಿದೆ. ಗಾಯಗೊಂಡವನಿಗೆ ಪ್ರಥಮೋಪಚಾರ ಮಾಡಿದ ಮೇಲೆ ಅವನು ಆ ರೋಗಿಯನ್ನು ಛತ್ರದವನ ಕೈಗೆ ಒಪ್ಪಿಸುತ್ತಾನೆ, ವೆಚ್ಚಕ್ಕೆ ಎರಡು ದಿನಾರಿಗಳನ್ನು ಕೊಡುತ್ತಾನೆ, ಮರಳಿ ಬಂದು ಉಳಿದ ಲೆಕ್ಕ ತೀರಿಸುವೆನೆಂದು ಮಾತು ಕೊಡುತ್ತಾನೆ. ದಿನನಿತ್ಯದ ಆರೈಕೆ ಸ್ಥಳೀಯನದು. ದಾರಿಹೋಕನು ಅದಕ್ಕೆ ಬಲ ಕೊಡುತ್ತಾನೆ, ಮತ್ತು ಮರಳಿ ಬರುತ್ತಾನೆ. ಅಲ್ಪಾವಧಿಯ ಸೇವೆಗೆ ಇದಕ್ಕಿಂತ ನಿಖರವಾದ ಮಾದರಿಯನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಧರ್ಮಸಭೆಯ ಬೋಧನೆ: ನ್ಯಾಯ, ಪೂರಕತೆ, ನಮ್ರತೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಕುರಿತು ಹೊರಡಿಸಿದ ಆದೇಶಪತ್ರದ ಎಂಟನೆಯ ಪರಿಚ್ಛೇದವು ಈ ವಿಷಯದಲ್ಲಿ ನೇರವಾದ ಮಾನದಂಡವನ್ನು ಒದಗಿಸುತ್ತದೆ. ನ್ಯಾಯದಿಂದ ಸಲ್ಲಬೇಕಾದುದನ್ನು ಪ್ರೀತಿಯ ದಾನವೆಂಬಂತೆ ಕೊಡಬಾರದು. ಪರಿಣಾಮಗಳನ್ನಷ್ಟೇ ಅಲ್ಲದೆ ಕಾರಣಗಳನ್ನೂ ನಿವಾರಿಸಬೇಕು. ನೆರವು ಪಡೆದವರು ಕ್ರಮೇಣ ಪರಾವಲಂಬನೆಯಿಂದ ಬಿಡುಗಡೆ ಹೊಂದುವಂತೆ ನೆರವು ರೂಪುಗೊಳ್ಳಬೇಕು. ಕೊಡುವವನ ಉದ್ದೇಶದಲ್ಲಿ ಸ್ವಾರ್ಥವಾಗಲಿ ಮೇಲಾಳ್ವಿಕೆಯ ಬಯಕೆಯಾಗಲಿ ಬೆರೆಯಬಾರದು. ಅಪಲೇಚಿಯದ ಮಾಡನ್ನು ಹೊದಿಸುವವನು ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಟ್ಟರೆ, ಮಾಡಿನಿಂದ ನೆಲದ ಪ್ರಶ್ನೆಯವರೆಗೆ ಅವನ ದೃಷ್ಟಿ ಹೋಗಲೇಬೇಕಾಗುತ್ತದೆ.

1931ರ 'ಕ್ವಾದ್ರಾಜೆಸಿಮೊ ಆನ್ನೊ' ವಿಶ್ವಪರಿಪತ್ರದಲ್ಲಿ ಹನ್ನೊಂದನೆಯ ಭಕ್ತಿನಾಥರು ಸ್ಪಷ್ಟಪಡಿಸಿದ ಪೂರಕತೆಯ ತತ್ತ್ವವೂ ಇಲ್ಲಿ ಪ್ರಸ್ತುತ. ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಯು ಕಸಿದುಕೊಳ್ಳುವುದು ಅನ್ಯಾಯವೆಂದು ಆ ತತ್ತ್ವ ಸಾರುತ್ತದೆ. ರಾಜ್ಯ ಮತ್ತು ಸಮಾಜದ ಸಂಬಂಧಕ್ಕೆ ಹೇಳಿದ ಈ ಮಾತನ್ನು ಸೇವಾತಂಡಕ್ಕೂ ಅನ್ವಯಿಸಬಹುದು. ಊರಿನ ಗಾರೆಯವನು ಕಟ್ಟಬಲ್ಲ ಗೋಡೆಯನ್ನು ಕೆಲಸ ಬಾರದ ಹುಡುಗರು ಪುಕ್ಕಟೆಯಾಗಿ ಕಟ್ಟಿದರೆ, ಗೋಡೆಯೂ ಕೆಡುತ್ತದೆ, ಗಾರೆಯವನ ಕೂಲಿಯೂ ಹೋಗುತ್ತದೆ.

ಹದಿನಾರನೆಯ ಬೆನೆಡಿಕ್ಟರು 2005ರ 'ದೇಉಸ್ ಕಾರಿತಾಸ್ ಎಸ್ತ್' ಪರಿಪತ್ರದಲ್ಲಿ ಎರಡು ಅಗತ್ಯಗಳನ್ನು ಜೊತೆಜೊತೆಯಾಗಿ ಇಡುತ್ತಾರೆ. ಸೇವೆ ಮಾಡುವವನಿಗೆ ಆ ಕೆಲಸದ ಪರಿಣತಿ ಇರಬೇಕು. ಅದರ ಜೊತೆಗೆ ಹೃದಯದ ರೂಪಣೆಯೂ ಆಗಿರಬೇಕು. ಪಡೆಯುವವನನ್ನು ಕೊಡುಗೆಯು ಕುಗ್ಗಿಸಬಾರದಾದರೆ, ಕೊಡುವವನು ತನ್ನನ್ನೇ ಅದರಲ್ಲಿ ಕೊಟ್ಟುಕೊಳ್ಳಬೇಕು; ಸಹಾಯ ಮಾಡಲು ಸಾಧ್ಯವಾದುದೇ ತನಗೆ ದೊರೆತ ವರವೆಂದು ಅವನು ತಿಳಿಯಬೇಕು. ಪೋಪ್ ಫ್ರಾನ್ಸಿಸ್ ಅವರು 2013ರ 'ಎವಾಂಜೆಲಿ ಗೌದಿಯುಮ್' ಪ್ರಬೋಧನೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬಡವರಿಂದ ನಾವು ಶುಭಸಂದೇಶವನ್ನು ಕೇಳಿಸಿಕೊಳ್ಳಬೇಕೆಂದು ಬೋಧಿಸುತ್ತಾರೆ. ಪಾಡು ಪಟ್ಟು ಕ್ರಿಸ್ತನನ್ನು ಅರಿತವರು ಅವರು. ಹೀಗೆ ನೋಡಿದಾಗ ಸೇವಾಯಾತ್ರೆಯಲ್ಲಿ ಬೋಧಕರು ಯಾರು, ಕಲಿಯುವವರು ಯಾರು ಎಂಬ ಕ್ರಮವೇ ಬದಲಾಗುತ್ತದೆ.

ನೋಡು, ವಿವೇಚಿಸು, ಕ್ರಿಯೆಗಿಳಿ

ತತ್ತ್ವವನ್ನು ಕ್ರಮಕ್ಕೆ ತರುವ ವಿಧಾನವೊಂದು ಯುವಜನರ ಕಥೋಲಿಕ ಚಳವಳಿಯಲ್ಲಿಯೇ ಇದೆ. ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್ ಅವರು ಯುವ ಕ್ರೈಸ್ತ ಕಾರ್ಮಿಕರಿಗಾಗಿ ರೂಪಿಸಿದ, ಮತ್ತು ಇಪ್ಪತ್ತಮೂರನೆಯ ಯೊವಾನ್ನರು 1961ರ 'ಮಾತೆರ್ ಎತ್ ಮಜಿಸ್ತ್ರಾ' ಪರಿಪತ್ರದಲ್ಲಿ ಯುವಜನರಿಗೆ ವಿಶೇಷವಾಗಿ ಶಿಫಾರಸು ಮಾಡಿದ ನೋಡು, ವಿವೇಚಿಸು, ಕ್ರಿಯೆಗಿಳಿ ಎಂಬ ಮೂರು ಮೆಟ್ಟಿಲುಗಳು ನಮಗೆಲ್ಲರಿಗೂ ಪರಿಚಿತ. ಬಹುತೇಕ ಸೇವಾಯಾತ್ರೆಗಳ ದೋಷವೆಂದರೆ ಅವು ಮೂರನೆಯ ಮೆಟ್ಟಿಲಿನಿಂದ ಆರಂಭವಾಗುತ್ತವೆ.

ನೋಡುವುದು ಹೊರಡುವ ಮೊದಲೇ ತೊಡಗಬೇಕು. ನಮ್ಮನ್ನು ಕರೆದವರು ಯಾರು? ಊರಿನವರೇ ಕರೆದರೋ, ಅಥವಾ ನಮಗೆ ಹೋಗಬೇಕೆನಿಸಿ ಊರೊಂದನ್ನು ಆರಿಸಿದೆವೋ? ಯಾವ ಕೆಲಸ ಬೇಕೆಂದು ನಿರ್ಧರಿಸಿದವರು ಯಾರು? ಅಲ್ಲಿ ನೆಲ ಯಾರದು, ನೀರು ಯಾರ ಕೈಯಲ್ಲಿದೆ, ಸಾಲ ಯಾರಿಂದ ಬರುತ್ತದೆ, ಊರು ಬಿಟ್ಟು ಹೋದವರು ಎಲ್ಲಿದ್ದಾರೆ? ಇವನ್ನು ಊರಿನ ಹಿರಿಯರ, ಮಹಿಳೆಯರ, ಕೂಲಿಗಳ ಬಾಯಿಂದ ಕೇಳಿ ತಿಳಿಯಬೇಕು. ವಿವೇಚಿಸುವುದು ಪ್ರತಿದಿನದ ಕೆಲಸ. ಸಂಜೆಯ ಹಂಚಿಕೆಯಲ್ಲಿ ತನಗೇನನಿಸಿತು ಎಂಬುದರ ಜೊತೆಗೆ, ಇಂದು ಯಾರಿಂದ ಏನು ಕಲಿತೆ, ಯಾವ ಮಾತು ನನಗೆ ಅರ್ಥವಾಗಲಿಲ್ಲ ಎಂಬ ಪ್ರಶ್ನೆಗಳೂ ಬರಬೇಕು. ಬಲಿಪೂಜೆಯು ಊರಿನ ವಿಶ್ವಾಸಿಗಳೊಡನೆ ಅವರ ದೇವಾಲಯದಲ್ಲಿಯೇ, ಅವರ ಹಾಡುಗಳೊಡನೆಯೇ ನಡೆಯಲಿ. ತಂಡಕ್ಕೆ ಪ್ರತ್ಯೇಕ ಪೂಜೆಯಿಟ್ಟರೆ, ಒಂದೇ ರೊಟ್ಟಿಯಲ್ಲಿ ಭಾಗಿಗಳಾಗುವ ಪರಮಪ್ರಸಾದದ ಅರ್ಥವನ್ನೇ ನಾವು ಮಸುಕುಗೊಳಿಸುತ್ತೇವೆ. ಕ್ರಿಯೆಗೆ ಬಂದಾಗ, ಊರಿನ ಕೆಲಸಗಾರನೇ ಮೇಸ್ತ್ರಿಯಾಗಲಿ, ಅವನಿಗೆ ಕೂಲಿ ಸಲ್ಲಲಿ, ಯುವಜನರು ಅವನ ಕೈಕೆಳಗೆ ದುಡಿಯಲಿ.

ಕರ್ನಾಟಕದ ನೆಲದಲ್ಲಿ

ಭಾರತದ ಕಥೋಲಿಕ ವಿದ್ಯಾರ್ಥಿಗಳಿಗೆ ಈ ಚರ್ಚೆ ಹೊಸತಲ್ಲ. 1924ರಲ್ಲಿ ಹುಟ್ಟಿದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟವು 1970ರ ಪೂನಮಲ್ಲಿ ಸಮಾವೇಶದಲ್ಲಿ, ಬಡವರ ಪರವಾದ ನ್ಯಾಯಯುತ ಸಮಾಜದ ಕಡೆಗೆ ತನ್ನ ದಿಕ್ಕನ್ನು ತಿರುಗಿಸಿಕೊಂಡಿತು. ನಮ್ಮ ಧರ್ಮಕೇಂದ್ರಗಳಿಂದ ಏಪ್ರಿಲ್ ಮೇ ತಿಂಗಳಲ್ಲಿ ಹಳ್ಳಿಗೆ ಹೊರಡುವ ಯುವತಂಡಗಳಿಗೂ, ಅವರ ಜೊತೆಗೆ ಹೋಗುವ ಗುರು ಅಭ್ಯರ್ಥಿಗಳಿಗೂ ಮೇಲಿನ ವಿವೇಚನೆ ಅನ್ವಯಿಸುತ್ತದೆ; ಆದರೆ ಇಲ್ಲಿನ ಕೆಲವು ಪ್ರಶ್ನೆಗಳು ಇಲ್ಲಿಯವೇ.

ಮೊದಲನೆಯದು ಜಾತಿಯ ಪ್ರಶ್ನೆ. ಬಡಿಸಿದ್ದನ್ನು ಉಣ್ಣಿರಿ ಎಂಬ ಪ್ರಭುವಿನ ಆಜ್ಞೆಯು ನಮ್ಮ ಹಳ್ಳಿಗಳಲ್ಲಿ ಪಡೆಯುವ ಹರಿತ ಬೇರೆ ಕಡೆ ಕಾಣದು. ತಂಡವು ಯಾವ ಕೇರಿಯಲ್ಲಿ ಇಳಿದುಕೊಳ್ಳುತ್ತದೆ, ಯಾರ ಮನೆಯ ಮುದ್ದೆ ಉಣ್ಣುತ್ತದೆ, ಯಾರ ಬಿಂದಿಗೆಯ ನೀರು ಕುಡಿಯುತ್ತದೆ ಎಂಬುದನ್ನು ಇಡೀ ಊರು ಗಮನಿಸುತ್ತದೆ. ದಲಿತ ಕುಟುಂಬದ ಜಗುಲಿಯಲ್ಲಿ ಕುಳಿತು ಉಂಡ ಒಂದು ಊಟವು, ಸುಣ್ಣ ಬಳಿದ ಹತ್ತು ಗೋಡೆಗಳಿಗಿಂತ ಸ್ಪಷ್ಟವಾಗಿ ದೇವರ ರಾಜ್ಯವನ್ನು ಸಾರಬಲ್ಲದು. ಅಡುಗೆಯವರನ್ನೂ ಅಕ್ಕಿಯನ್ನೂ ಜೊತೆಗೇ ಒಯ್ದು ಶಾಲೆಯ ಕಟ್ಟಡದಲ್ಲಿ ಬೇರೆಯಾಗಿ ಉಣ್ಣುವ ತಂಡವು ಅನುಕೂಲಕ್ಕಾಗಿ ಹಾಗೆ ಮಾಡಿದರೂ, ಊರು ಅದನ್ನು ಓದುವ ಬಗೆ ಬೇರೆ. ಆತಿಥ್ಯದ ವೆಚ್ಚ ಬಡ ಮನೆಗೆ ಹೊರೆಯಾಗದಂತೆ ಊರಿನ ಹಿರಿಯರೊಡನೆ ಮೊದಲೇ ಮಾತನಾಡಿ ದಿನಸಿಯನ್ನು ಹಂಚಿಕೊಳ್ಳಬಹುದು.

ಎರಡನೆಯದು ನೀರು ಮತ್ತು ಕೂಲಿಯ ಪ್ರಶ್ನೆ. ಬಯಲುಸೀಮೆಯ ಹಳ್ಳಿಗಳಿಗೆ ಬೇಸಿಗೆಯೆಂದರೆ ನೀರಿನ ಅಭಾವದ ಕಾಲ. ನಲವತ್ತು ಮಂದಿಯ ತಂಡವು ಒಂದು ವಾರ ಸ್ನಾನಕ್ಕೆ, ಬಟ್ಟೆಗೆ ಬಳಸುವ ನೀರನ್ನು ಯಾವ ಹೆಂಗಸರು ಹೊತ್ತು ತರುತ್ತಾರೆಂಬುದನ್ನು ಮೊದಲೇ ಯೋಚಿಸಬೇಕು. ಹೊಲದ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಕೆರೆಯ ಹೂಳೆತ್ತುವಂತಹ ಸರ್ಕಾರಿ ಉದ್ಯೋಗ ಖಾತರಿಯ ಕೂಲಿಯೇ ಅನೇಕ ಮನೆಗಳಿಗೆ ಆಧಾರ. ಅದೇ ಕೆಲಸವನ್ನು ಶ್ರಮದಾನದ ಹೆಸರಿನಲ್ಲಿ ಯುವಕರು ಮುಗಿಸಿಬಿಟ್ಟರೆ, ಅದು ಯಾರ ಶ್ರಮದ ದಾನ ಎಂದು ಕೇಳಬೇಕಾಗುತ್ತದೆ.

ಮೂರನೆಯದು ಮಕ್ಕಳ ರಕ್ಷಣೆಯ ಮತ್ತು ಗೌರವದ ಪ್ರಶ್ನೆ. ಮಕ್ಕಳೊಡನೆ ಯಾವ ಸ್ವಯಂಸೇವಕನೂ ಒಬ್ಬಂಟಿಯಾಗಿ ಇರದಂತೆ, 2012ರ ಪೋಕ್ಸೊ ಕಾಯಿದೆಯ ಮತ್ತು ಧರ್ಮಪ್ರಾಂತ್ಯದ ನಿಯಮಗಳ ಅರಿವು ಎಲ್ಲರಿಗೂ ಇರುವಂತೆ ನೋಡಿಕೊಳ್ಳುವುದು ತಂಡವನ್ನು ನಡೆಸುವ ಗುರುವಿನ ನೇರ ಹೊಣೆ. ತಂದೆತಾಯಿಗಳ ಅನುಮತಿಯಿಲ್ಲದೆ ಮಕ್ಕಳ ಚಿತ್ರ ತೆಗೆದು ಮೊಬೈಲುಗಳಲ್ಲಿ ಹರಡುವುದು, ಹರಿದ ಅಂಗಿಯ ಮಗುವನ್ನು ನಮ್ಮ ಸೇವೆಯ ಪುರಾವೆಯಾಗಿ ಬಳಸಿಕೊಳ್ಳುವುದು ಆ ಮಗುವಿನ ಘನತೆಗೆ ಎಸಗುವ ಅಪಚಾರ. ನೆರೆಹೊರೆಯ ಬೇರೆ ಧರ್ಮೀಯರಿಗೆ ನಮ್ಮ ಬರವಿನ ಉದ್ದೇಶವನ್ನು ಮರೆಮಾಚದೆ ತಿಳಿಸುವುದೂ ಇದೇ ಗೌರವದ ಭಾಗ.

ಕೊನೆಯದು ಮರಳಿದ ನಂತರದ ಪ್ರಶ್ನೆ. ಸಮಾರ್ಯದವನು ಮರಳಿ ಬರುವೆನೆಂದು ಮಾತು ಕೊಟ್ಟನು. ಪ್ರತಿ ವರ್ಷ ಹೊಸ ಹಳ್ಳಿಯನ್ನು ಹುಡುಕುವುದಕ್ಕಿಂತ ಒಂದೇ ಹಳ್ಳಿಯೊಡನೆ ಹಲವು ವರ್ಷ ನಂಟು ಉಳಿಸಿಕೊಳ್ಳುವುದು ಮೇಲು. ಹಳ್ಳಿಯವರನ್ನು ನಗರದ ಧರ್ಮಕೇಂದ್ರದ ಹಬ್ಬಕ್ಕೆ ಅತಿಥಿಗಳಾಗಿ ಕರೆಯಬೇಕು. ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಲು ಮಾತ್ರವಲ್ಲ, ನಮ್ಮ ಯುವಜನರ ಮನೆಗಳಲ್ಲಿ ಉಳಿದುಕೊಂಡು ನಮ್ಮ ಬದುಕನ್ನು ಅವರೂ ನೋಡಿ ಮಾತನಾಡುವಂತೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸಂತ ಪೌಲನು ಜೆರುಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸುವಾಗ ಮುಂದಿಡುವ ಗುರಿ ಸಮಾನತೆ: ಇಂದು ನಿಮ್ಮ ಸಮೃದ್ಧಿ ಅವರ ಕೊರತೆಗೆ, ನಾಳೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಒದಗಬೇಕೆಂಬುದು ಅವನ ಆಶಯ. ಇಂತಹ ಕೊಡುಕೊಳೆಯಲ್ಲಿ ಯಾರೂ ಸದಾ ದಾನಿಯಲ್ಲ, ಯಾರೂ ಸದಾ ಯಾಚಕರಲ್ಲ.

ಯುವಜನರ ಔದಾರ್ಯವು ಧರ್ಮಸಭೆಗೆ ದೊರೆತ ನಿಜವಾದ ಐಶ್ವರ್ಯ. ಅದನ್ನು ಸಂದೇಹದಿಂದ ತಣ್ಣಗಾಗಿಸುವುದು ಗುರುಗಳ ಕೆಲಸವಲ್ಲ. ಆ ಔದಾರ್ಯಕ್ಕೆ ಕಣ್ಣು ಕೊಡುವುದು ಅವರ ಕೆಲಸ. ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿಸಿ, ಊರಿನವರ ಉತ್ತರ ಬೇಡವೆಂದಾಗಿದ್ದರೆ ಅದನ್ನೂ ವಿಧೇಯತೆಯಿಂದ ಸ್ವೀಕರಿಸುವಷ್ಟು ಅವರನ್ನು ಸಿದ್ಧಗೊಳಿಸಿದರೆ, ಹೋದರೂ ಹೋಗದಿದ್ದರೂ ಆ ಬೇಸಿಗೆಯಲ್ಲಿ ಅವರು ಶಿಷ್ಯತ್ವದ ಒಂದು ಪಾಠವನ್ನು ಕಲಿತಿರುತ್ತಾರೆ.